ಅಜ್ಜಿಯ ಕೊನೆಯ ಪದರ

ಒಂದು ನಿಮಿಷ ನಿಂತು ಇದನ್ನು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನನ್ನನ್ನು ಬೈಯಿರಿ.

ನಮ್ಮ ಪ್ರಯೋಗಾಲಯದಲ್ಲಿ ನನಗೆ ತುಂಬ ಇಷ್ಟದ ಕೆಲಸ ಬಣ್ಣ ಬರಿಸುವುದು. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು, ಗಾಜಿನ ಸ್ಲೈಡಿನ ಮೇಲೆ ಹರಡಿ, ಆಂಟಿಬಾಡಿ ಹನಿಸುತ್ತೇವೆ. ಅದೆಂಥ ಪತ್ತೇದಾರ ಗೊತ್ತೇ! ಒಡೆದು ಎರಡಾಗಲು ಹೊರಟ ಕೋಶಗಳನ್ನೇ ಹುಡುಕಿ ಹಿಡಿದುಕೊಳ್ಳುತ್ತದೆ. ಆಮೇಲೆ ಬಣ್ಣ ಹಾಕಿದರೆ ಅವು ಮಾತ್ರ ಕಂದು ಚುಕ್ಕೆಗಳಾಗಿ ಎದ್ದು ಕಾಣುತ್ತವೆ. ಚುಕ್ಕೆ ಅತಿಯಾದರೆ ಕೋಶಗಳು ಲಂಗುಲಗಾಮಿಲ್ಲದೆ ಬೆಳೆಯುತ್ತಿವೆ ಎಂದರ್ಥ.

ಚುಕ್ಕೆಯೇ ಬರದಿದ್ದರೆ? ರೋಗ ಇಲ್ಲವೋ, ಬಣ್ಣವೇ ಕೈಕೊಟ್ಟಿತೋ? ಅದಕ್ಕೇ ಪ್ರತಿ ಸ್ಲೈಡಿನ ತುದಿಗೂ, ಕಂದಾಗುವುದು ಗ್ಯಾರಂಟಿ ಎನ್ನುವಂಥ ಹಳೆಯ ಗಡ್ಡೆಯೊಂದರ ಪದರವನ್ನು ಅಂಟಿಸುತ್ತೇವೆ. ಅದನ್ನು ಆರಿಸಿದ್ದು ನಮ್ಮ ಹಿರಿಯ ಟೆಕ್ನಿಷಿಯನ್ ಅಕ್ಕ. ನಾವಿಟ್ಟ ಹೆಸರು ‘ಅಜ್ಜಿ’.

“ಅಜ್ಜಿ ಹೂಂ ಅಂದ್ಲೇನೇ?” ಎಂದು ಅಕ್ಕ ಕೂಗುವುದು, “ಜೋರಾಗೇ ಅಂದ್ಲು” ಎಂದು ನಾನು ಕೂಗುವುದು.

ಮೊನ್ನೆ ಟೈಲರ್ ಅಮ್ಮ ಒಬ್ಬರು ಬಂದರು. ಹಿಂದೆ ಇಲ್ಲೇ ಎದೆಯ ಗಡ್ಡೆ ತೆಗೆಸಿಕೊಂಡಿದ್ದವರು. ಈಗ ಮತ್ತೆ ಗಂಟು, ಅದೂ ಸೂಜಿ ಹಾಕಿ ಚೂರು ತೆಗೆಯಲಾಗದ ಜಾಗದಲ್ಲಿ. ಹಳೆಯ ಗಡ್ಡೆಗೆ ಎರಡು ಪರೀಕ್ಷೆ ಆಗಬೇಕಿತ್ತು: ಕೋಶಗಳು ಎಷ್ಟು ಜೋರಾಗಿ ಒಡೆಯುತ್ತಿದ್ದವು, ಮತ್ತು ಕೀಮೋ ಇಲ್ಲದೆ ಬರೀ ಮಾತ್ರೆಗೆ ಬಗ್ಗುವ ಜಾತಿಯೇ ಎಂದು. ನಂಬರ್ ಹಿಡಿದು ಹುಡುಕಿದೆ. ಚೀಟಿಯನ್ನು ಮತ್ತೊಮ್ಮೆ ಓದಿದೆ. ಅದು ನಮ್ಮ ಅಜ್ಜಿ! ಬೇರೆ ಚೂರು ಇರಲಿಲ್ಲ. ಹೆರೆದು ಹೆರೆದು ಮೇಣದಲ್ಲಿ ಒಂದೇ ಪದರ ಉಳಿದಿತ್ತು.

ಅಕ್ಕ ದನಿ ತಗ್ಗಿಸಿದರು. “ಮೊದಲನೇ ಪರೀಕ್ಷೆ ಮಾಡಿ, ಇನ್ನೊಂದಕ್ಕೆ ಸಾಕಾಗ್ಲಿಲ್ಲ ಅಂತ ಬರೆದ್ಬಿಡೋಣ. ಹಳೇದಲ್ವಾ, ಯಾರು ಕೇಳ್ತಾರೆ?”

“ಅಕ್ಕಾ, ಮೊದಲನೇದು ಆಗ್ಲೇ ಆಗಿದೆಯಲ್ಲ! ಎಲ್ಲರ ಸ್ಲೈಡಲ್ಲೂ ಅಜ್ಜಿ ಕಂದಾಗಿ ಕೂತಿದ್ದಾಳೆ. ಎಣಿಸಿದ್ರೆ ಮುಗೀತು!”

ಸ್ಲೈಡ್ ನೋಡಿ ವರದಿ ಬರೆಯುವ ನಮ್ಮ ಡಾಕ್ಟರ್ ಮೇಡಂ ಮೈಕ್ರೋಸ್ಕೋಪಿನಿಂದ ತಲೆಯೆತ್ತಿದರು. “ಎಣಿಸ್ಬಹುದು. ಆದ್ರೆ ಬೇರೆಯವರ ಸ್ಲೈಡಿಂದ ಎಣಿಸಿದ್ದು ಅಂತ ವರದೀಲಿ ಬರೀಲೇಬೇಕು. ಯಾಕೆ ಅಂತ ಮೇಲಿನವರು ಕೇಳದೇ ಬಿಡಲ್ಲ.”

“ರೋಗಿಯ ಚೂರನ್ನ ಹೀಗೆ ಖಾಲಿ ಮಾಡೋ ಹಾಗಿಲ್ಲ. ಕೇಳಿದ್ರೆ ನನ್ನ ಕೆಲಸ ಹೋಯ್ತು,” ಎಂದರು ಅಕ್ಕ. “ಬಣ್ಣ ಚೆನ್ನಾಗಿ ಹಿಡಿಯುತ್ತೆ ಅಂತ ಇಟ್ಕೊಂಡೆ ಕಣೇ. ಕೆಟ್ಟ ಬುದ್ಧಿಯಿಂದಲ್ಲ.”

ಅದು ನನಗೂ ಗೊತ್ತು. ನನ್ನ ಕೈ ಹಿಡಿದು ಹೆರೆಯುವುದನ್ನು ಕಲಿಸಿದವರೇ ಅವರು.

“ಸಂಜೆವರೆಗೂ ಯೋಚ್ನೆ ಮಾಡೋಣ,” ಎಂದರು ಮೇಡಂ. ನನ್ನ ಬಾಯಿ ಕೇಳಬೇಕಲ್ಲ! ನೆಟ್ಟಗೆ ಹೊರಗಿನ ಬೆಂಚಿಗೆ ಹೋಗಿ ಆ ಅಮ್ಮನಿಗೆ ಎಲ್ಲ ಒದರಿಬಿಟ್ಟೆ.

ಅವರು ಸೆರಗಿನ ಅಂಚಿನಿಂದ ಎಳೆಯೊಂದನ್ನು ಕಿತ್ತರು. ಆಮೇಲೆ, “ಉಳಿದ ಬಟ್ಟೆ ಏನ್ಮಾಡ್ದೆ ಅಂತ ಗಿರಾಕಿಗಳು ದಿನಾ ನನ್ನ ಪ್ರಾಣ ತಿಂತಾರೆ. ಇವತ್ತು ನಾನು ಕೇಳೋ ಹಾಗಾಯ್ತು ನೋಡು,” ಎಂದರು. “ಯಾರಿಗಾದ್ರೂ ಉಪಯೋಗ ಆಯ್ತಾ?”

“ನೂರಾರು ಜನಕ್ಕೆ ಆಯ್ತಮ್ಮ.”

“ಕೇಳಿದ್ರೆ ನಾನೇ ಕೊಡ್ತಿದ್ದೆ. ಕೇಳ್ಬೇಕಿತ್ತು.” ಕಣ್ಣೊರೆಸಿಕೊಂಡರು. “ಆ ಪದರ ಮಾತ್ರೆ ಪರೀಕ್ಷೆಗೇ ಇರ್ಲಿ. ಮಿಕ್ಕಿದ್ದು ಇದ್ದ ಹಾಗೆ ಬರೀರಿ ಅಂತ ನಿಮ್ಮ ಮೇಡಂಗೆ ಹೇಳು ಮಗಳೇ.”

ಮೇಡಂ ಎಣಿಸಿದರು, ಇದ್ದದ್ದನ್ನು ಇದ್ದಂತೆ ಬರೆದರು. ಕೊನೆಯ ಪದರವನ್ನು ಹೆರೆಯಲು ನನಗೆ ಧೈರ್ಯ ಬರಲಿಲ್ಲ. ಅಕ್ಕನೇ ಬಂದು ಕೂತರು. ಒಂದು ಸುಕ್ಕೂ ಬೀಳದೆ ಹಾಳೆಯಂತೆ ಎದ್ದು ಬಂತು. ಬಣ್ಣ ಹಾಕಿ ನೋಡಿದರೆ, ಮಾತ್ರೆಗೆ ಬಗ್ಗುವ ಜಾತಿಯೇ! ನಾನು ಕುಣಿದಾಡಿದೆ. ಅಕ್ಕ ಕೈ ತೊಳೆದುಕೊಂಡು ಹೊರಟರು.

ನಾಳೆ ಅವರನ್ನು ಮೇಲಿನವರು ವಿಚಾರಣೆಗೆ ಕರೆದಿದ್ದಾರೆ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಾಯಿ ಮುಚ್ಚಿಕೊಂಡು ಸಂಜೆವರೆಗೆ ಕಾಯಬೇಕಿತ್ತೋ ಏನೋ, ಆದರೆ ಆ ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತಿದ್ದರಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?