ಬೇಲಿಯೊಳಗಿನ ಹೂವು

ಗೇಟಿನ ಬೀಗ ತೆಗೆದ ವೆಲ್ಡರ್ ಅಲ್ಲೇ ನಿಂತುಬಿಟ್ಟ. ನೀರಿನ ಟ್ಯಾಂಕಿನ ಹಿಂದಿನ ಈ ಇಳಿಜಾರಿಗೆ ಅವನೇ ಕಂಬ ನೆಟ್ಟು, ಜಾಲರಿ ಬೆಸೆದು, ಇಲಿಯೂ ನುಸುಳದಂಥ ಬೇಲಿ ಹಾಕಿದ್ದ. ಆಮೇಲೆ ಬೀಗ ಜಡಿದು, ಕೆಲಸಕ್ಕೆಂದು ಪರವೂರು ಸೇರಿದ್ದ. ಈಗ ಒಳಗೆ ಎದೆಯೆತ್ತರದ ಹುಲ್ಲು.

ಆ ಹುಲ್ಲಿನಲ್ಲೆಲ್ಲೋ ಗೇಣುದ್ದದ ಕಾಡು ಆರ್ಕಿಡ್ ಇರಬೇಕಿತ್ತು. ಮರದ ಮೇಲಲ್ಲ, ನೆಲದಲ್ಲೇ ಗೆಡ್ಡೆಯಿಂದ ಏಳುವ ಜಾತಿ. ಹೂವೂ ಹುಲ್ಲಿನಷ್ಟೇ ಹಸಿರು. ಊರಿಗೆಲ್ಲ ಅದು ಕಸ, ಅವನ ಅಕ್ಕನಿಗೆ ಮಾತ್ರ ಜೀವ. ತಾಯಿಯಿಲ್ಲದ ತಮ್ಮನನ್ನು ಸಾಕಿದ ಆ ಅಕ್ಕ ಹೂಬಿಡುವ ಕಾಲಕ್ಕೆ ಇಲ್ಲಿ ಮೊಣಕಾಲೂರಿ ಕೂರುತ್ತಿದ್ದಳು, ಒಂದನ್ನೂ ಕೀಳಲು ಬಿಡುತ್ತಿರಲಿಲ್ಲ. ಈಗ ಹಾಸಿಗೆ ಹಿಡಿದಿದ್ದಾಳೆ, ಕಣ್ಣು ಮಂಜಾಗಿದೆ, ಡಾಕ್ಟರು ಕೈಚೆಲ್ಲಿದ್ದಾರೆ. ಬೆಳಿಗ್ಗೆ ಕೇಳಿದ್ದು ಒಂದೇ: "ಹೂವು ಬಂತೇನೋ? ನೋಡ್ಕೊಂಡು ಬಂದು ಹೇಳು."

ಮೊದಲೆಲ್ಲ ಇಲ್ಲಿ ಮೇಕೆಗಳು ಮೇಯುತ್ತಿದ್ದವು. ಹುಲ್ಲನ್ನು ಗಿಡ್ಡವಾಗಿಟ್ಟು ಹೂವಿಗೆ ಬಿಸಿಲು ಬಿಟ್ಟುಕೊಟ್ಟಿದ್ದು ಅವೇ ಎಂದು ನಮ್ಮ ಮಹಾನುಭಾವನಿಗೆ ಹೊಳೆದಿದ್ದು ಈಗ. ತುಳಿದು ಹಾಳುಮಾಡುತ್ತವೆ ಎಂದು ಮೇಕೆಯವಳನ್ನು ಬಾಯಿಗೆ ಬಂದಂತೆ ಬೈದು ಓಡಿಸಿದವನೂ ಇವನೇ. ನಾಚಿಕೆ ಬಿಟ್ಟು ಅವಳ ಬಾಗಿಲಿಗೇ ಓಡಿದ.

"ಮೇಕೆಗಳನ್ನ ಬಿಡು ತಾಯಿ, ನಿನ್ನ ಕಾಲಿಗೆ ಬೀಳ್ತೀನಿ."

"ಎಲ್ಲಿಂದ ತರ್ಲಿ ಅಣ್ಣ? ಮೇಯೋಕೆ ಜಾಗ ಇಲ್ಲ ಅಂತ ಮಾರ್ಬಿಟ್ಟೆ," ಎಂದಳು ಅವಳು. ಅವನ ಮುಖ ನೋಡಿ ಏನನ್ನಿಸಿತೋ, ಒಳಗಿಂದ ಕುಡುಗೋಲು ತಂದುಕೊಟ್ಟಳು.

ಹುಚ್ಚು ಹಿಡಿದವನಂತೆ ಕೊಯ್ದ. ಕಬ್ಬಿಣ ಕತ್ತರಿಸಿ ಪಳಗಿದ ಕೈಗೆ ಹುಲ್ಲಿನ ಹದ ಎಲ್ಲಿ ಗೊತ್ತು? ಅರ್ಧ ಕೊಯ್ಯುವಷ್ಟರಲ್ಲಿ ಹಿಡಿಯೊಳಗಿನ ಹುಲ್ಲಿನ ನಡುವೆ ಹೂವಿನ ಕಡ್ಡಿ ಕಂಡಿತು. ಬುಡದಲ್ಲೇ ಕತ್ತರಿಸಿಹೋಗಿತ್ತು. ಕುಡುಗೋಲು ಬಿಸಾಡಿ, ಉಳಿದ ಹುಲ್ಲನ್ನು ಬೆರಳಲ್ಲೇ ಬಿಡಿಸುತ್ತ ಇಳಿಜಾರೆಲ್ಲ ತೆವಳಿದ. ಇನ್ನೊಂದು ಇರಲಿಲ್ಲ. ಮಣ್ಣಿನಲ್ಲಿ ಮುಖ ಹುದುಗಿಸಿ ಗೊಳೋ ಎಂದು ಅತ್ತ.

ಸಂಜೆ ಅಕ್ಕ ಆ ಹೂವಿನ ಕಡ್ಡಿಯನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿಂದ ಸವರಿದಳು. ಮುಖ ಬಾಡಿತು.

"ಕಿತ್ಬಿಟ್ಯೇನೋ? ಎಷ್ಟು ಬಂದಿದ್ವು?"

"ತುಂಬಾ ಅಕ್ಕ. ಕಾಲಿಡೋಕೆ ಜಾಗ ಇಲ್ಲ."

"ಹಾಗಾದ್ರೆ ಒಂದು ಕಿತ್ರೆ ಪರವಾಗಿಲ್ಲ ಬಿಡು," ಎಂದು ಅಕ್ಕ ನಕ್ಕಳು. "ಎಲ್ಲಾ ನಿನ್ನ ಬೇಲಿ ಪುಣ್ಯ ಕಣೋ."

ಅವನು ಹೂಂ ಎಂದ.