ಸರೋವರದಂಡೆಯ ಕೈಗಂಟೆ

ಮಣ್ಣಿನ ಅಚ್ಚಿನೊಳಗೆ ಮೊದಲು ಇದ್ದದ್ದು ನಾನಲ್ಲ, ಜೇನುಮೇಣ. ಬೆಂಕಿಗೆ ಅದು ಕರಗಿ ಹರಿದುಹೋಯಿತು. ಅದು ಬಿಟ್ಟುಹೋದ ಜಾಗಕ್ಕೆ ಕಾದ ಕಂಚಾಗಿ ನಾನು ಇಳಿದೆ. ನಾನೊಂದು ಕೈಗಂಟೆ, ಕಾರ್ಕಳದ ಎರಕದ ಕೊಟ್ಟಿಗೆಯಲ್ಲಿ ಹುಟ್ಟಿದವಳು. ಅಚ್ಚು ಒಡೆದು ನನ್ನನ್ನು ಹೊರಗೆ ತೆಗೆದ ಮುದುಕ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಸ್ವರ ಉಂಟು" ಎಂದ. ನನಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಉಡುಪಿಯ ಒಂದು ಮಿಷನ್ ಶಾಲೆ ನನ್ನನ್ನು ಕೊಂಡಿತು. ನಾನು ಬಾಯಿ ತೆರೆದರೆ ಸಾಕು, ಇಡೀ ಶಾಲೆ ಅಂಗಳಕ್ಕೆ ಚೆಲ್ಲುತ್ತಿತ್ತು. ಕರೆಂಟಿನ ಬೆಲ್ ಬಂದ ಮೇಲೆ ಮಾತ್ರ ನಾನು ಕಪಾಟಿನ ತಳ ಸೇರಿದೆ. ಅಲ್ಲಿಂದ ನನ್ನನ್ನು ಕೇಳಿ ಪಡೆದವರು ಜಯಶೀಲಾ ಸಾಲಿನ್ಸ್. ಅದೇ ಶಾಲೆಯಲ್ಲಿ ಓದಿ ನರ್ಸ್ ಆದವರು.

ಜಯಶೀಲಮ್ಮ ವರ್ಷಕ್ಕೊಮ್ಮೆ ತಮ್ಮ ಚರ್ಚಿನ ಸಭೆಯ ನಾಲ್ಕಾರು ಮಂದಿಯನ್ನು ಕರೆದುಕೊಂಡು ಆಫ್ರಿಕಾದ ಮಲಾವಿಗೆ ಸೇವೆಗೆ ಹೋಗುತ್ತಿದ್ದರು. ಅಲ್ಲಿ ಸರೋವರದ ದಂಡೆಯಲ್ಲೊಂದು ಹಳ್ಳಿ, ಹಳ್ಳಿಯಲ್ಲೊಂದು ಸಣ್ಣ ಚಿಕಿತ್ಸಾಲಯ. ಅವರ ಸೀರೆಗಳ ಮಡಿಕೆಯಲ್ಲಿ ಮಲಗಿ ನಾನೂ ವಿಮಾನ ಹತ್ತಿದೆ. ಅವರದೊಂದು ಕ್ರಮವಿತ್ತು. ಬೆಳಕು ಹರಿಯುವಾಗ ನನ್ನನ್ನು ಬಾರಿಸಿದರೆ ಎಲ್ಲರೂ ಮಾವಿನ ಮರದಡಿ ಬಂದು ಅರ್ಧ ಗಂಟೆ ಮೌನವಾಗಿ ಕೂರಬೇಕು. ಬುಧವಾರ ಮಧ್ಯಾಹ್ನ ಉಪವಾಸ. ಸಂಜೆ ಮತ್ತೆ ಬಾರಿಸಿದರೆ, ಆ ದಿನ ಯಾರನ್ನು ನೋಯಿಸಿದೆವು, ಯಾರಿಂದ ಪ್ರೀತಿ ಪಡೆದೆವು ಎಂದು ದೇವರ ಮುಂದೆ ನೆನೆಯಬೇಕು.

ಒಂದು ವರ್ಷ ನಿತಿನ್ ಕರ್ಕಡ ಎಂಬ ಎಳೆಯ ಡಾಕ್ಟರು ಜತೆಗೆ ಬಂದರು. ಒಳ್ಳೆಯ ಕೈಗುಣ, ಆದರೆ ನನ್ನ ಸದ್ದು ಕೇಳಿದರೆ ಮುಖ ಗಂಟಿಕ್ಕುತ್ತಿತ್ತು.

"ಸಿಸ್ಟರ್, ಹೊರಗೆ ಜನ ಕಾಯ್ತಾ ಇದ್ದಾರೆ. ನಾವಿಲ್ಲಿ ಕಣ್ಣು ಮುಚ್ಚಿ ಕೂತ್ಕೊಳ್ಳುದಾ? ಪ್ರಾರ್ಥನೆ ಊರಿಗೆ ಹೋಗಿ ಮಾಡಬಹುದು."

"ಮಾಡಬಹುದು ನಿತಿನ್. ಆದ್ರೆ ನಾವು ಬಂದದ್ದು ಬರೀ ಕೊಡ್ಲಿಕ್ಕೆ ಅಂತ ಗ್ರಹಿಸಿದ್ರೆ ಬೇಗ ಬರಿದಾಗ್ತೇವೆ" ಎಂದರು ಜಯಶೀಲಮ್ಮ.

ಅದೇ ವಾರ ಹಳ್ಳಿಗೆ ಕಾಲರಾ ಬಡಿಯಿತು. ಜಗಲಿ, ಅಂಗಳ, ಮಾವಿನ ಮರದಡಿ, ಎಲ್ಲ ಕಡೆ ರೋಗಿಗಳು. ಬೆಳಿಗ್ಗೆ ಜಯಶೀಲಮ್ಮ ನನ್ನನ್ನು ಎತ್ತಿಕೊಂಡರು, ಹೊರಗೆ ನೋಡಿದರು, ನನ್ನ ನಾಲಗೆಯನ್ನು ಬೆರಳಲ್ಲಿ ಒತ್ತಿ ಹಿಡಿದು ಚಿಕಿತ್ಸಾಲಯದೊಳಗಿನ ಒಂದು ಮಂಚದ ಕೆಳಗಿಟ್ಟರು. "ಇವತ್ತು ಬೇಡ. ನೀರು ಕುಡಿಸ್ಲಿಕ್ಕೆ ಬನ್ನಿ ಎಲ್ಲರೂ" ಎಂದು ಸೆರಗು ಸಿಕ್ಕಿಸಿಕೊಂಡು ನಡೆದರು. ನಿತಿನ್ ಅಚ್ಚರಿಯಿಂದ ಅವರನ್ನೇ ನೋಡಿದರು.

ಮಂಚದ ಕೆಳಗಿನಿಂದ ನನಗೆ ಕಂಡದ್ದು ಕಾಲುಗಳು ಮಾತ್ರ. ಒಂದು ಮಧ್ಯಾಹ್ನ ಕೆಸರು ಮೆತ್ತಿದ ಬರಿಗಾಲುಗಳು ಬಂದವು. ಎಸಿನಾಟಿ ಎಂಬ ಅಜ್ಜಿ ಮೊಮ್ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಹಳ್ಳಿಯ ಆಚೆ ತುದಿಯಿಂದ ನಡೆದು ಬಂದಿದ್ದಳು. ನಿತಿನ್ ಸಲೈನ್ ಹಾಕಲು ನರ ಹುಡುಕುತ್ತಿರುವಾಗಲೇ ಮಗುವಿನ ಉಸಿರು ನಿಂತಿತು.

"ಇಷ್ಟು ತಡ ಮಾಡಿ ಯಾಕೆ ತಂದದ್ದು?" ಅವರು ಕನ್ನಡದಲ್ಲೇ ಕಿರುಚಿದರು. ಅಜ್ಜಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಅವಳು ನೆಲಕ್ಕೆ ಕುಸಿದಳು. ಜಯಶೀಲಮ್ಮ ಅಜ್ಜಿಯ ಪಕ್ಕ ನೆಲದಲ್ಲೇ ಕೂತು ಅವಳ ಬೆನ್ನು ಸವರುತ್ತಿದ್ದರು.

ರೋಗ ಇಳಿಮುಖವಾದ ಮೇಲೆ ಒಂದು ಬೆಳಿಗ್ಗೆ ನಿತಿನ್ ಬಾಗಿಲಲ್ಲಿ ನಿಂತಿದ್ದರು.

"ಸಿಸ್ಟರ್, ಗಂಟೆ ಎಲ್ಲಿಟ್ಟಿದ್ದೀರಿ?"

ಅವರೇ ಬಗ್ಗಿ ನನ್ನನ್ನು ಎಳೆದುಕೊಂಡರು, ಧೂಳು ಒರೆಸಿ ಬಾರಿಸಿದರು. ಅಭ್ಯಾಸವಿಲ್ಲದ ಕೈ, ನನ್ನ ಸ್ವರ ತೊದಲಿತು. ಮರದಡಿ ಕೂತು ನಿತಿನ್ ಮಂಡಿಯ ನಡುವೆ ಮುಖವಿಟ್ಟು ಅಳತೊಡಗಿದರು. ಆಗ ಎಸಿನಾಟಿ ಬಂದಳು. ಹೆಗಲ ಬಟ್ಟೆಯನ್ನು ನೆಲಕ್ಕೆ ಹಾಸಿ, ಅರ್ಧದಲ್ಲಿ ತಾನು ಕೂತು, ಉಳಿದರ್ಧವನ್ನು ಅಂಗೈಯಿಂದ ತಟ್ಟಿ ಅವರನ್ನು ಕರೆದಳು. ನಿತಿನ್ ಸರಿದು ಕೂತರು. ಆಮೇಲೆ ಅವಳು ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ. ಅವಳ ಹಿಂದೆ ಹಳ್ಳಿಯ ಹೆಂಗಸರೂ ಬಂದರು.

ವರ್ಷಗಳು ಕಳೆದವು. ಜಯಶೀಲಮ್ಮನ ಮಂಡಿಗಳು ಸೋತವು. ಇದೇ ಕಡೆಯ ಪ್ರಯಾಣ ಎಂದು ಎಲ್ಲರಿಗೂ ಗೊತ್ತಾಗಿತ್ತು. ಹೊರಡುವ ದಿನ ಎಸಿನಾಟಿ ಜೀಪಿನ ಬಳಿ ಬಂದು ಕೇಳಿದಳು, "ನೀವು ಹೋದ ಮೇಲೆ ಬೆಳಿಗ್ಗೆ ನಮ್ಮನ್ನು ಯಾರು ಕರೆಯುತ್ತಾರೆ?"

ಅಲ್ಲಿಯ ಮಾತು ಅಷ್ಟರಲ್ಲಿ ಜಯಶೀಲಮ್ಮನಿಗೆ ಬರುತ್ತಿತ್ತು. ಆದರೂ ಕೇಳಿಸದವರಂತೆ ನಾನಿದ್ದ ಚೀಲವನ್ನು ಎದೆಗೊತ್ತಿಕೊಂಡರು. ಯಾವುದನ್ನೂ ನನ್ನದು ಎಂದು ಹಿಡಿದುಕೊಳ್ಳಬಾರದು ಎಂದು ಎಲ್ಲರಿಗೂ ಹೇಳುತ್ತಿದ್ದವರು ಅವರೇ. ಚಾಲಕ ಹಾರ್ನ್ ಹೊಡೆದ. ಅವರು ನನ್ನನ್ನು ಹೊರಗೆ ತೆಗೆದು, ಸೆರಗಿನಿಂದ ಒರೆಸಿ, ಇನ್ನೊಮ್ಮೆ ಒರೆಸಿ, ಎಸಿನಾಟಿಯ ಕೈಗಿಟ್ಟರು. ಜೀಪು ಹೊರಟಾಗ ತಿರುಗಿ ನೋಡಲಿಲ್ಲ. ನೋಡಿದ್ದರೆ ಇಳಿದುಬಿಡುತ್ತಿದ್ದರೋ ಏನೋ.

ಈಗ ನನ್ನ ಅಂಚು ಸೀಳಿದೆ, ಸ್ವರ ಒಡಕು. ಹಗಲೆಲ್ಲ ಚಿಕಿತ್ಸಾಲಯದ ಕಿಟಕಿಯ ಮೂಲೆಯಲ್ಲಿ ಸರೋವರ ನೋಡುತ್ತ ಕೂರುತ್ತೇನೆ.

ಈ ವರ್ಷ ತಂಡವನ್ನು ಕರೆತಂದವರು ನಿತಿನ್. ಅವರ ಮೀಸೆ ಬೆಳ್ಳಗಾಗಿದೆ. ಮೊನ್ನೆ ಬೆಳಿಗ್ಗೆ ಎಸಿನಾಟಿ ನನ್ನನ್ನು ಬಾರಿಸುವಾಗ ಅವರು ಫೋನನ್ನು ನನ್ನ ಹತ್ತಿರ ಹಿಡಿದರು.

"ಕೇಳಿತಾ ಸಿಸ್ಟರ್?"

"ಕೇಳಿತು. ಶೀತ ಆಗಿದೆಯಾ ಅದಕ್ಕೆ?" ಉಡುಪಿಯಿಂದ ಕ್ಷೀಣವಾದ ದನಿ. "ನನ್ನದು ತಿಂಡಿ ಆಯ್ತು. ನಿಮಗೆ ಈಗ ಬೆಳಗಾದದ್ದಾ? ಹಾಗಾದ್ರೆ ಮಾತು ಸಾಕು, ಕೂತ್ಕೊಳ್ಳಿ."

ನಿತಿನ್ ಫೋನನ್ನು ಹಾಸಿದ ಬಟ್ಟೆಯ ಮೇಲಿಟ್ಟರು. ಎಲ್ಲರೂ ಮರದಡಿ ಕಣ್ಣು ಮುಚ್ಚಿ ಕೂತರು. ಇತ್ತ ಅಲೆಯ ಸದ್ದು. ಅತ್ತ ಜಯಶೀಲಮ್ಮನ ಉಸಿರು, ಯಾರದೋ ಮನೆಯ ಕುಕ್ಕರಿನ ಸೀಟಿ, ಉಡುಪಿಯ ಕಾಗೆ. ಬದುಕಿಡೀ ನಾನು ಸದ್ದು ಮಾಡಿದವಳು. ಅದು ಮುಗಿದ ಮೇಲೆ ಜನರ ನಡುವೆ ಏನು ಉಳಿಯುತ್ತದೆ ಎಂದು ಅಷ್ಟು ಚೆನ್ನಾಗಿ ಕೇಳಿಸಿಕೊಂಡದ್ದು ಅವತ್ತೇ.