ಗಾಳಿ ಕಾಯುವವಳು

ಗಂಗೂಬಾಯಿ ಸೊಸೆಯ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕಪ್ಪಗೆ ಯಂತ್ರದ ಜಿಡ್ಡು ಕೂತಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರೂ ಅದು ಹೋಗಲಿಲ್ಲ. ಸುತ್ತ ಕೂತ ಹೆಂಗಸರು ಜೈನರ ಣಮೋಕಾರ ಮಂತ್ರ ಹೇಳುತ್ತಿದ್ದರು. ಅವರ ದನಿ ಬಾವಿಯೊಳಗಿಂದ ಎದ್ದು ಬಂದ ಹಾಗೆ, ದೂರದಿಂದ, ತಣ್ಣಗೆ ಕೇಳುತ್ತಿತ್ತು.

ನಿನ್ನೆ ತ್ರಿಶಲಾ ನಿಪ್ಪಾಣಿಯ ಆಸ್ಪತ್ರೆಯಿಂದ ಡ್ಯೂಟಿ ಮುಗಿಸಿ ಬಂದು, ಹೊತ್ತು ಮುಳುಗುವುದರೊಳಗೆ ಅತ್ತೆಯ ಜೊತೆ ಉಂಡು ಮಲಗಿದ್ದಳು. ಬೆಳಿಗ್ಗೆ ಏಳಲಿಲ್ಲ. ನಿದ್ದೆಯಲ್ಲೇ ತಲೆಯೊಳಗಿನ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ವಯಸ್ಸು ಐವತ್ತು ಕೂಡ ಆಗಿರಲಿಲ್ಲ. ಮುಖದಲ್ಲಿ ಇನ್ನೂ ನಿದ್ದೆಯೇ ಇತ್ತು. ಬಂದವರೆಲ್ಲ ಪಿಸುಗುಡುತ್ತಿರುವುದು ಅವಳಿಗೆ ಎಚ್ಚರವಾಗದಿರಲಿ ಎಂದೇ ಇರಬೇಕು ಎಂದು ಗಂಗೂಬಾಯಿಗೆ ಮತ್ತೆ ಮತ್ತೆ ಅನ್ನಿಸುತ್ತಿತ್ತು.

ಗಂಗೂಬಾಯಿಯ ಭಾವನ ಮಗ ಕಾಕಾಸಾಹೇಬ ಅಂಗಳದಲ್ಲಿ ಓಡಾಡುತ್ತ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ. ಅಥಣಿಯಿಂದ ತ್ರಿಶಲಾಳ ತವರಿನವರು ಬರಬೇಕಿತ್ತು. ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಿಂದ ದಾರಿ ಕಟ್ಟಿಹೋಗಿದೆಯೆಂದು ಅವರ ಫೋನು ಬಂದಿತ್ತು. ಹೊತ್ತಿರುವಾಗಲೇ ಎಲ್ಲ ಮುಗಿಯಬೇಕು ಎಂದು ಅವನ ಚಿಂತೆ.

ಅಷ್ಟರಲ್ಲಿ ಆಸ್ಪತ್ರೆಯ ಗಾಡಿ ಬಂತು. ನರ್ಸ್ ರೂಪಾಲಿ, ಇನ್ನೂ ನಾಲ್ಕಾರು ಮಂದಿ ಇಳಿದು ಒಳಗೆ ಬಂದರು. ಅವರ ಹಿಂದೆ ಇಳಿದ, ತ್ರಿಶಲಾಳ ಜೊತೆ ಕೆಲಸ ಮಾಡುವ ಸಂಜಯ ಮಾತ್ರ ಒಳಗೆ ಬರಲಿಲ್ಲ. ಬೇಲಿಯಾಚೆ ನಿಲ್ಲಿಸಿದ್ದ ಕಬ್ಬಿನ ಟ್ರೇಲರಿನ ಮಗ್ಗುಲಿಗೆ, ಅಪರಿಚಿತನ ಹಾಗೆ, ಕೈಕಟ್ಟಿ ನಿಂತ. ಗಂಗೂಬಾಯಿ ಕಿಟಕಿಯಿಂದ ಅವನನ್ನು ನೋಡಿದಳು.

*

ಗಂಗೂಬಾಯಿಯ ಮಗ ವೃಷಭ ತೀರಿಕೊಂಡದ್ದು ದೂಧಗಂಗಾ ಹೊಳೆಯ ದಂಡೆಯ ಅವರದೇ ಹೊಲದಲ್ಲಿ. ನೀರೆತ್ತುವ ಮೋಟರಿನ ಸ್ಟಾರ್ಟರ್ ಪೆಟ್ಟಿಗೆಗೆ ಕೈಹಾಕಿದವನು ಕರೆಂಟು ಹೊಡೆದು ಅಲ್ಲೇ ಬಿದ್ದ. ಆಗ ತ್ರಿಶಲಾಳ ಮದುವೆಯ ಸೀರೆಗಳ ಮಡಿಕೆ ಕೂಡ ಬಿಚ್ಚಿರಲಿಲ್ಲ. ತವರಿನವರು ಕರೆಯಲು ಬಂದರು. ಅವಳು ಹೋಗಲಿಲ್ಲ. ಕೆಲವು ತಿಂಗಳು ಮೂಲೆ ಹಿಡಿದು ಕೂತವಳು ಒಂದು ದಿನ, ಐಟಿಐ ಸೇರುತ್ತೇನೆ, ಕರೆಂಟಿನ ಕೆಲಸ ಕಲಿಯುತ್ತೇನೆ ಎಂದಳು.

ಮಗನನ್ನು ನುಂಗಿದ್ದರ ಹತ್ತಿರ ಸೊಸೆಯನ್ನೂ ಕಳಿಸುವುದೇ? ಯಾಕೆಂದು ಕೇಳಿದಳು ಗಂಗೂಬಾಯಿ.

"ಅದು ಏನೈತಿ ಅಂತ ನನಗ ತಿಳೀಬೇಕ್ರಿ ಅತ್ತಿ. ತಿಳೀಲಿಲ್ಲಂದ್ರ ಜಲ್ಮಪೂರ್ತಿ ಅಂಜಿಕೊಂತನ ಕುಂದರತೀನಿ."

ಊರವರು ತಲೆಗೊಂದು ಮಾತಾಡಿದರು. ಗಂಗೂಬಾಯಿ ಐಟಿಐಗೆ ಹೆಸರು ಹಚ್ಚಲು ಸೊಸೆಯ ಜೊತೆ ಚಿಕ್ಕೋಡಿಯ ಬಸ್ಸು ಹತ್ತಿದಳು.

ನಸುಕಿನಲ್ಲಿ ಒಲೆಯ ಮುಂದೆ ಕೂತು ತ್ರಿಶಲಾ ಓದುತ್ತಿದ್ದಳು. ಗಂಗೂಬಾಯಿ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಸೆನ್ಸರ್ ಅಂದರೆ ಚರ್ಮ ಇದ್ದ ಹಾಗೆ, ಬಿಸಿ ತಂಪು ಅದಕ್ಕೆ ಗೊತ್ತಾಗುತ್ತದೆ. ಕಂಟ್ರೋಲರ್ ಅಂದರೆ ಬುದ್ಧಿ. ವಾಲ್ವ್ ಅಂದರೆ ಬುದ್ಧಿ ಹೇಳಿದ್ದನ್ನು ಮಾಡುವ ಕೈ. ಅರೆನಿದ್ದೆಯ ಆ ಹೊತ್ತಿನಲ್ಲಿ ಗಂಗೂಬಾಯಿಗೆ, ಚರ್ಮವೂ ಬುದ್ಧಿಯೂ ಇರುವ ದೊಡ್ಡದೊಂದು ಮನೆ ಹೊಲದ ನಡುವೆ ಎದ್ದು ನಿಂತ ಹಾಗೆ ಕಾಣುತ್ತಿತ್ತು.

ಬರೆಯುವ ಪರೀಕ್ಷೆ ಸಲೀಸಾಗಿ ಆಯಿತು. ಕೈಕೆಲಸದ ಪರೀಕ್ಷೆಯಲ್ಲಿ ತ್ರಿಶಲಾ ನಪಾಸಾದಳು. ಪ್ಯಾನಲ್ ಪೆಟ್ಟಿಗೆಯ ಮುಂದೆ ನಿಂತಾಗ ಕೈ ಮೇಲೇಳಲೇ ಇಲ್ಲ ಎಂದು ಮನೆಗೆ ಬಂದು ಅತ್ತಳು. ಇನ್ನು ಸಾಕು ಎಂದಳು.

ಮರುದಿನ ಗಂಗೂಬಾಯಿ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋದಳು. ವೃಷಭ ಹೋದ ಮೇಲೆ ಇಬ್ಬರೂ ಆ ಕಡೆ ಕಾಲಿಟ್ಟಿರಲಿಲ್ಲ. ಪಾಲಿಗೆ ಕೊಟ್ಟಿದ್ದ ಹೊಲದಲ್ಲಿ ಕಬ್ಬು ಆಳೆತ್ತರ ಬೆಳೆದು ಗಾಳಿಗೆ ಸುಯ್ ಎನ್ನುತ್ತಿತ್ತು. ಮೋಟರ್ ಮನೆಯ ಬಾಗಿಲು ತೆರೆದು ಗಂಗೂಬಾಯಿ, ಮೊದಲು ಏನು ಮಾಡಬೇಕೆಂದು ಕೇಳಿದಳು. ಮೇನ್ ಆರಿಸಬೇಕು ಎಂದಳು ತ್ರಿಶಲಾ. ಆರಿಸಿದಳು. ಆಮೇಲೆ? ಟೆಸ್ಟರ್ ಹಚ್ಚಿ ನೋಡಬೇಕು. ನೋಡಿದಳು. ಟೆಸ್ಟರಿನ ದೀಪ ಹತ್ತಲಿಲ್ಲ; ಕರೆಂಟು ಇಲ್ಲ.

ಆಗ ಗಂಗೂಬಾಯಿ ತನ್ನ ಅಂಗೈಯನ್ನು ಪೆಟ್ಟಿಗೆಯೊಳಗಿನ ತಾಮ್ರದ ಮೇಲೆ ಇಟ್ಟಳು.

"ನನ್ನ ಮಗನ ಕೈ ಇಲ್ಲೇ ಇತ್ತು. ಈಗ ನಂದೈತಿ. ನಿನ್ನ ಕೈ ನನ್ನ ಕೈ ಮ್ಯಾಲ ಇಡವ್ವಾ."

ತ್ರಿಶಲಾ ಇಟ್ಟಳು. ಆಮೇಲೆ ಗಂಗೂಬಾಯಿ ಮೆಲ್ಲಗೆ ತನ್ನ ಕೈಯನ್ನು ಹಿಂದೆ ತೆಗೆದುಕೊಂಡಳು. ಸೊಸೆಯ ಕೈ ಅಲ್ಲೇ ಉಳಿಯಿತು.

ಮುಂದಿನ ಸಲ ತ್ರಿಶಲಾ ಪಾಸಾದಳು. ದೊಡ್ಡ ಕಟ್ಟಡಗಳ ಗಾಳಿ, ನೀರು, ಬೆಳಕನ್ನು ಕಂಪ್ಯೂಟರಿನಿಂದ ನಡೆಸುವ ಕೆಲಸವನ್ನು ಕೊಲ್ಹಾಪುರದಲ್ಲಿ ಮರಾಠಿಯಲ್ಲಿ ಕಲಿತು, ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆದು, ನಿಪ್ಪಾಣಿಯ ಹೊಸ ಆಸ್ಪತ್ರೆಯಲ್ಲಿ ಟೆಕ್ನಿಶಿಯನ್ ಆದಳು.

*

ಚಟ್ಟ ಕಟ್ಟುವ ಸದ್ದು ಅಂಗಳದಿಂದ ಬರುತ್ತಿತ್ತು. ಅಂಕಲಿಯಿಂದ ಬಂದಿದ್ದ ಬೀಗಿತ್ತಿಯೊಬ್ಬಳು, ತ್ರಿಶಲಾ ಆಸ್ಪತ್ರೆಯಲ್ಲಿ ಎಸಿ ರಿಪೇರಿ ಮಾಡುತ್ತಿದ್ದಳಂತೆ ಹೌದೇ ಎಂದು ರೂಪಾಲಿಯನ್ನು ಕೇಳಿದಳು. ರೂಪಾಲಿ ಹೌದು, ಆದರೆ ಅಷ್ಟೇ ಅಲ್ಲ ಎಂದಳು.

"ಹಸುಗೂಸಿನ ವಾರ್ಡ್‌ದಾಗ ನಾವು ಕೂಸಿನ ಮೈಮ್ಯಾಲಿನ ಶಾಲ ತಗದು ಮಡಚೋದ್ರಾಗ ಖೋಲಿ ಬೆಚ್ಚಗ ಆಗಿರತಿತ್ತರಿ. ಅಕಿಗೆ ಫೋನ್ ಮಾಡಿ ಹೇಳೂದಽ ಬೇಕಾಗತಿದ್ದಿಲ್ಲ."

ಬೀಗಿತ್ತಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದಳು. ಗಂಗೂಬಾಯಿ ಮತ್ತೆ ಕಿಟಕಿಯತ್ತ ನೋಡಿದಳು. ಸಂಜಯ ನಿಂತಲ್ಲೇ ನಿಂತಿದ್ದ. ಬಿಸಿಲು ಅವನ ಪಾದದಿಂದ ಮುಖಕ್ಕೆ ಬಂದಿತ್ತು. ಅವನು ಸರಿದು ನಿಂತಿರಲಿಲ್ಲ.

*

ಗಂಗೂಬಾಯಿಯ ಕಣ್ಣಿನ ಪೊರೆ ತೆಗೆದದ್ದು ಅದೇ ಆಸ್ಪತ್ರೆಯಲ್ಲಿ. ಮನೆಗೆ ಕಳಿಸುವ ದಿನ ತ್ರಿಶಲಾ ಅತ್ತೆಯ ಕೈಹಿಡಿದು ನೆಲಮಾಳಿಗೆಯ ತನ್ನ ಖೋಲಿಗೆ ಕರೆದೊಯ್ದಳು. ಒಂದು ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣಿಗೆ ಎಲ್ಲವೂ ಮಂಜು ಮಂಜು. ಆ ಮಂಜಿನೊಳಗೆ ದೊಡ್ಡ ಪರದೆ, ಅದರ ಮೇಲೆ ರಂಗೋಲಿ ಹಾಕಿದ ಹಾಗೆ ಬಣ್ಣದ ಚೌಕಗಳು. ಗೋಡೆಯಾಚೆ ಎಲ್ಲೋ ನೀರು ಹರಿಯುವ, ಗಾಳಿ ಏರಿ ಇಳಿಯುವ ಸದ್ದು. ತ್ರಿಶಲಾ ಒಂದು ಚೌಕದ ಮೇಲೆ ಬೆರಳಿಟ್ಟು, ನೀವು ಮಲಗಿದ್ದ ಖೋಲಿ ಇದು ಎಂದಳು. ಮೂರು ದಿನ ತಾನು ಉಸಿರಾಡಿದ ಗಾಳಿಯನ್ನು ಈ ಹುಡುಗಿ ಕೆಳಗೆ ಕೂತು ಕಾದಿದ್ದಾಳೆ ಎಂದು ತಿಳಿದಾಗ ಗಂಗೂಬಾಯಿ ಆ ಚೌಕದ ಮೇಲೆ ತಾನೂ ಬೆರಳಿಟ್ಟಳು.

ಪಂಪು, ನೀರು ತಂಪು ಮಾಡುವ ಚಿಲ್ಲರುಗಳನ್ನು ನೋಡಿಕೊಳ್ಳುವ ಸಂಜಯ ಕುರ್ಚಿ ತಂದಿಟ್ಟ. ಮೇಲಿನ ಕಿಂಡಿಯಲ್ಲಿ ಬಿಸಿಲು ಕೆಂಪಾಗತೊಡಗಿದಾಗ ತ್ರಿಶಲಾ ಡಬ್ಬಿ ಬಿಚ್ಚಿದಳು. ಸಂಜಯನೂ ಕೈತೊಳೆದು ಬಂದು ತನ್ನ ಡಬ್ಬಿ ಬಿಚ್ಚಿದ. ಅವನೂ ಜೈನನೇ ಎಂದು ಗಂಗೂಬಾಯಿ ಕೇಳಿದಳು. ಅಲ್ಲ, ರಾಯಬಾಗದ ಮರಾಠರು ಎಂದ.

"ಮತ್ತ ಹೊತ್ತು ಮುಳುಗೂದ್ರಾಗ ಊಟ ಮಾಡತೀಯಲ್ಲೋ ಯಪ್ಪಾ?"

"ರೂಢಿ ಆಗೈತ್ರಿ ಆಯಿ," ಎಂದು ಅವನು ರೊಟ್ಟಿ ನೋಡುತ್ತ ಹೇಳಿದ. ತ್ರಿಶಲಾ ಪಲ್ಯ ಬಡಿಸುವ ನೆಪದಲ್ಲಿ ಮುಖ ತಗ್ಗಿಸಿದಳು. ಮಂಜುಗಣ್ಣಿಗೂ ಅಷ್ಟು ಕಂಡಿತು.

ಬಸ್ಸಿನಲ್ಲಿ ಗಂಗೂಬಾಯಿಯೇ ಮಾತು ತೆಗೆದಳು. ಅವನಿಗೆ ಮದುವೆಯಾಗಿಲ್ಲವಂತೆ, ನೀನು ಹೂಂ ಅಂದರೆ ನಾನೇ ಮುಂದೆ ನಿಂತು ಮಾಡಿಸುತ್ತೇನೆ ಎಂದಳು. ತ್ರಿಶಲಾ ಕಿಟಕಿಯಾಚೆ, ಸೂಲಂಗಿ ಹೂ ಹೊತ್ತು ಬೆಳ್ಳಗೆ ತೂಗುವ ಕಬ್ಬನ್ನು ನೋಡುತ್ತಿದ್ದಳು.

"ಅಂವ ಕೇಳ್ಯಾನ್ರಿ ಅತ್ತಿ. ನಾನಽ ಒಲ್ಲೆ ಅಂದೀನಿ. ಆ ಮನಿಗೆ ಹೋದ್ರ ಈ ಮನಿ ಬಿಡಬೇಕಾಕ್ಕೈತಿ. ನನಗ ಎರಡೂ ಬೇಕ್ರಿ. ಈಗ ಎರಡೂ ಅದಾವು."

ಆಮೇಲೆ ಆ ಮಾತು ಅವರಿಬ್ಬರ ನಡುವೆ ಬರಲಿಲ್ಲ. ಗಂಗೂಬಾಯಿ ಮಾತ್ರ ಅಂದಿನಿಂದ ಸೊಸೆಯ ಡಬ್ಬಿಗೆ ಎರಡು ರೊಟ್ಟಿ ಹೆಚ್ಚು ಹಾಕುತ್ತಿದ್ದಳು.

*

ತವರಿನವರು ಬಂದು, ನೋಡಿ, ಅತ್ತಾಯಿತು. ತ್ರಿಶಲಾಳನ್ನು ಅಂಗಳಕ್ಕೆ ತಂದು ಚಟ್ಟದ ಮೇಲೆ ಮಲಗಿಸಿದರು. ಹಿಂದಿನ ಎರಡು ಹೆಗಲಿಗೆ ಅವಳ ಅಣ್ಣಂದಿರು ನಿಂತರು. ಮುಂದೆ ಎಡಕ್ಕೆ ಕಾಕಾಸಾಹೇಬನ ತಮ್ಮ. ಬಲಕ್ಕೆ ಕಾಕಾಸಾಹೇಬ ತಾನೇ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದ. ಅದು ಗಂಡನಿದ್ದಿದ್ದರೆ ಗಂಡನು ನಿಲ್ಲುವ ಜಾಗ.

ಗಂಗೂಬಾಯಿ ಬಾಗಿಲ ಚೌಕಟ್ಟು ಹಿಡಿದು ಎದ್ದು ನಿಂತಳು.

"ಕಾಕಾಸಾಹೇಬ, ತಡೀಪಾ. ಆ ಹೆಗಲು ಸಂಜಯಗ ಕೊಡು."

ಯಾವ ಸಂಜಯ ಎಂದು ಯಾರೋ ಕೇಳಿದರು. ಬೇಲಿಯಾಚೆ ನಿಂತವನು ತಲೆಯೆತ್ತಿದ.

ಕಾಕಾಸಾಹೇಬ ಹತ್ತಿರ ಬಂದು ದನಿ ತಗ್ಗಿಸಿದ. "ಕಾಕೂ, ಮುಂದಿನ ಹೆಗಲು ಮನಿಯವರದು. ನಾಳೆ ಮಂದಿ ನಾಕು ಮಾತಾಡ್ತಾರ. ಅಕಿ ಹೆಸರಿಗೆ ಬರೂದು ಬ್ಯಾಡ."

"ಮನಿಯವನಽ ಅದಾನ ಅಂವ. ನಾವು ಕರದಿರಲಿಲ್ಲ, ಅಷ್ಟ."

ಕಾಕಾಸಾಹೇಬ ಚಿಕ್ಕಮ್ಮನ ಮುಖ ನೋಡಿದ. ಆಮೇಲೆ ಬೇಲಿಯತ್ತ ನೋಡಿದ. ನಡೆದುಹೋಗಿ, ತನ್ನ ಹೆಗಲ ಟವೆಲ್ಲು ತೆಗೆದು ಸಂಜಯನ ಹೆಗಲ ಮೇಲೆ ಹಾಕಿ, ತೋಳು ಹಿಡಿದು ಒಳಗೆ ಕರೆತಂದ.

ಸಂಜಯ ಚಪ್ಪಲಿ ಬಿಟ್ಟು ಬಂದು ಗಂಗೂಬಾಯಿಯ ಕಾಲು ಮುಟ್ಟಿದ. ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. ಅವನು ಎದ್ದು, ಬಲಗಡೆಯ ಬಿದಿರಿಗೆ ಹೆಗಲು ಕೊಟ್ಟ.

ಚಟ್ಟ ಮೇಲೆದ್ದಿತು. ಉಳಿದ ಮೂವರಿಗಿಂತ ಸಂಜಯ ಗೇಣುದ್ದ ಎತ್ತರ. ಬಿದಿರು ಅವನ ಕಡೆ ಮೇಲೇರಿ, ತ್ರಿಶಲಾ ಒಂದು ಬದಿಗೆ ವಾಲಿದಂತಾಯಿತು. ಕೂಡಲೇ ಅವನು ಮೊಣಕಾಲು ಬಾಗಿಸಿದ. ಚಟ್ಟ ಸಮವಾಯಿತು.

ಹೆಂಗಸರು ಬಾಗಿಲಲ್ಲೇ ಉಳಿದರು. ಕಬ್ಬಿನ ಗದ್ದೆಗಳ ನಡುವಿನ ಮಣ್ಣುದಾರಿ ಹೊಳೆಯ ತನಕ ಉದ್ದಕ್ಕೆ ಚಾಚಿತ್ತು. ಧೂಳಿನಲ್ಲಿ ಮಂದಿಯೆಲ್ಲ ಮಸುಕಾಗುತ್ತ ಹೋದರು. ಗಂಗೂಬಾಯಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಅಷ್ಟು ದೂರ ಹೋದ ಮೇಲೂ ಅವನು ಹಾಗೇ, ಮೊಣಕಾಲು ಬಾಗಿಸಿಕೊಂಡೇ, ತಗ್ಗುದಿಣ್ಣೆಗಳ ಮೇಲೆ ಅವಳನ್ನು ಅಲುಗದ ಹಾಗೆ ಹೊತ್ತು ನಡೆಯುತ್ತಿದ್ದ.